ಟಿವಿ ಸ್ಲೋ, ಗ್ಯಾಸ್ ಸ್ಲೋ, ಬಜಾರ್ ಸ್ಲೋ: ಈ ಒಂದು ಪದಕ್ಕೆ ನಮ್ಮಲ್ಲಿ ಎಷ್ಟು ಕೆಲಸ?

ಅನುವಾದಕ, ಕಲಬುರಗಿ

ರೈತರಿಗಾಗಿ ಸಿದ್ಧವಾಗುತ್ತಿರುವ ಒಂದು ಮೊಬೈಲ್ ಆ್ಯಪ್ ಅನ್ನು ಕನ್ನಡಕ್ಕೆ ತರುವ ಕೆಲಸ ಕೈಯಲ್ಲಿದೆ. ಇಂಗ್ಲಿಷ್ ಸಾಲುಗಳ ಹಾಳೆ ತೆರೆದರೆ ‘ಸ್ಲೋ’ ಎಂಬ ಪದ ಹೆಜ್ಜೆ ಹೆಜ್ಜೆಗೆ ಎದುರಾಗುತ್ತದೆ. ನೆಟ್‌ವರ್ಕ್ ಸ್ಲೋ, ಚಾರ್ಜಿಂಗ್ ಸ್ಲೋ, ಬೆಳೆಯ ಬೆಳವಣಿಗೆ ಸ್ಲೋ. ಸಾವಕಾಶವಾಗಿ ಕರಗುವ ಗೊಬ್ಬರಕ್ಕೂ ಅದೇ ಪದ, ಮಾರಾಟವಾಗದೆ ಉಳಿದ ದಾಸ್ತಾನಿಗೂ ಅದೇ ಪದ. ಎಲ್ಲ ಕಡೆ ‘ನಿಧಾನ’ ಎಂದು ಹಾಕಿ ಮುಗಿಸಿ ಎನ್ನುವುದು ಕೆಲಸ ಕೊಟ್ಟವರ ಮಾತು. ‘ನಿಧಾನ ದಾಸ್ತಾನು’ ಎಂದು ಓದಿದ ರೈತ ಆ್ಯಪ್ ಮುಚ್ಚಿ ಬೀಡಿ ಹಚ್ಚುತ್ತಾನೆ ಎನ್ನುವುದು ನನ್ನ ಮಾತು.

ಇದಕ್ಕಿಂತ ಕುತೂಹಲದ ಸಂಗತಿಯೊಂದಿದೆ. ನಮ್ಮ ಮನೆಗಳಲ್ಲಿ ಈ ಪದ ಅದರ ತವರಿನಲ್ಲಿ ಮಾಡದ ಕೆಲಸವನ್ನೂ ಮಾಡುತ್ತಿದೆ. ‘ಟಿವಿ ಸ್ಲೋ ಮಾಡು’ ಎಂದರೆ ಸದ್ದು ತಗ್ಗಿಸು. ‘ಗ್ಯಾಸ್ ಸ್ಲೋ ಇಡು’ ಎಂದರೆ ಉರಿ ಸಣ್ಣದು ಮಾಡು. ‘ಲೈಟ್ ಸ್ಲೋ ಆಗಿದೆ’ ಎಂದರೆ ವೋಲ್ಟೇಜ್ ಇಳಿದು ಬಲ್ಬು ಮಂಕಾಗಿದೆ. ಟಿವಿ ಸ್ಲೋ ಮಾಡು ಎಂದು ಲಂಡನ್ನಿನವನಿಗೆ ಹೇಳಿದರೆ ಅವನು ಚಿತ್ರವನ್ನೇ ನಿಧಾನವಾಗಿ ಓಡಿಸಲು ಹೊರಟಾನು. ಈ ಅರ್ಥಗಳು ಎಲ್ಲಿಂದ ಬಂದವು? ನಿಮ್ಮ ನಿಮ್ಮ ಕಸುಬಿನಲ್ಲಿ ಸ್ಲೋ ಎನ್ನುವ ಕಡೆ ಏನೆನ್ನುತ್ತೀರಿ?

ಜೇವರ್ಗಿ ಕಡೆಯವ

ಸ್ಲೋ ಎಂದರೆ ಹಳ್ಳಿಯ ಅಜ್ಜಿಗೂ ತಿಳಿಯುತ್ತದೆ. ಸ್ಲೋ ಎಂದೇ ಬರೆದು ಬಿಲ್ ತೆಗೆದುಕೊಳ್ಳಿ.

ದರ್ಗಾ ರಸ್ತೆ, ಕಲಬುರಗಿ

ಅನುವಾದಕ ಅಣ್ಣ, ನಿಮ್ಮ ಟಿವಿಯ ಒಗಟಿಗೆ ಉತ್ತರ ನಮ್ಮ ಮನೆಯ ದಖನಿ ಉರ್ದುವಿನಲ್ಲಿ ಸಿಗಬಹುದು. ನಾವು ‘ಹಲ್ಲೂ ಬೋಲ್’ ಎಂದರೆ ಮೆತ್ತಗೆ ಮಾತನಾಡು ಎಂದು. ‘ಹಲ್ಲೂ ಚಲ್’ ಎಂದರೆ ನಿಧಾನ ನಡೆ ಎಂದು. ಪದ ಒಂದೇ. ಅದು ಮರಾಠಿಯ ‘ಹಳೂ’. ಅಲ್ಲಿಯೂ ದನಿಗೂ ನಡಿಗೆಗೂ ಅದೇ ಪದ. ಹಿಂದಿಯ ‘ಧೀರೇ’ ಕೂಡ ಹಾಗೆಯೇ. ಇಂಗ್ಲಿಷ್ ಮಾತ್ರ ವೇಗಕ್ಕೊಂದು ಪದ, ಸದ್ದಿಗೊಂದು ಪದ ಎಂದು ಬೇರೆ ಮಾಡಿಕೊಂಡಿದೆ. ನಮ್ಮ ಓಣಿಯವರು ಸ್ಲೋ ಎಂಬ ಪದ ಕಲಿತಾಗ ಹಲ್ಲೂ ಮಾಡುತ್ತಿದ್ದ ಕೆಲಸವನ್ನೆಲ್ಲ ಅದರ ಹೆಗಲಿಗೇರಿಸಿದರು, ಅಷ್ಟೇ.

ನಿವೃತ್ತ ಕನ್ನಡ ಮಾಸ್ತರ್, ಬಸವಕಲ್ಯಾಣ

ಭಾಯಿ, ಸರಿಯಾದ ಗಂಟು ಬಿಚ್ಚಿದಿರಿ. ಕನ್ನಡದ ‘ಮೆಲ್ಲಗೆ’ ಕೂಡ ಇದೇ ಜಾತಿಯದು. ‘ಮೆಲ್ಲಗೆ ನಡೆ’, ‘ಮೆಲ್ಲಗೆ ಮಾತನಾಡು’ ಎರಡನ್ನೂ ಹೇಳುತ್ತೇವೆ. ಇದರ ಬೇರು ‘ಮೆಲ್’, ಅಂದರೆ ಮೃದು. ಮೆಲುದನಿಯಲ್ಲಿ ಇರುವುದು ಅದೇ. ನಮ್ಮ ಕಡೆಯ ‘ಹಗೂರಕ’ ಹೊರಟಿದ್ದು ಹಗುರ ಎಂಬುದರಿಂದ, ಅಂದರೆ ಭಾರವಿಲ್ಲದ್ದು. ಕೂಸನ್ನು ಹಗೂರಕ ಇಳಿಸು ಎಂದಾಗ ಅಲ್ಲಿ ವೇಗವೂ ಇದೆ, ಕೈಯ ಮೃದುತ್ವವೂ ಇದೆ. ನಮ್ಮ ಭಾಷೆಗಳಲ್ಲಿ ನಿಧಾನ ಎನ್ನುವುದು ಗಡಿಯಾರದಿಂದ ಅಳೆಯುವ ಗುಣವಾಗಿ ಹುಟ್ಟಿದ್ದಲ್ಲ, ಮುಟ್ಟುವ ಬಗೆಯಿಂದ ಹುಟ್ಟಿದ್ದು. ಆದ್ದರಿಂದ ‘ಟಿವಿ ಸ್ಲೋ ಮಾಡು’ ಎಂಬುದನ್ನು ತಪ್ಪು ಇಂಗ್ಲಿಷ್ ಎಂದು ನಗಬೇಡಿ. ಅದು ಇಂಗ್ಲಿಷ್ ಅಂಗಿ ತೊಟ್ಟ ಶುದ್ಧ ಕನ್ನಡ.

ಒಂದು ತಿದ್ದುಪಡಿ. ಗ್ಯಾಸ್ ಸ್ಲೋ ಎನ್ನುವುದು ಇಂಗ್ಲಿಷರಿಗೆ ಪೂರ್ತಿ ಹೊಸದಲ್ಲ. ಅವರ ಹಳೆಯ ಅಡುಗೆ ಪುಸ್ತಕಗಳಲ್ಲಿ ಸಣ್ಣ ಉರಿಗೂ ಕಡಿಮೆ ಕಾವಿನ ಒಲೆಗೂ ಸ್ಲೋ ಎಂದೇ ಬರೆದಿರುತ್ತದೆ.

ಇನ್ನು ‘ನಿಧಾನ’. ಸಂಸ್ಕೃತದಲ್ಲಿ ಇದಕ್ಕೆ ಇಡುವುದು, ಇಟ್ಟ ಜಾಗ, ಹೂತಿಟ್ಟ ಸಂಪತ್ತು ಎಂಬ ಅರ್ಥಗಳಿವೆ. ಅಕ್ಕಮಹಾದೇವಿಯ ವಚನದಲ್ಲಿ ‘ನೆಲದ ಮರೆಯ ನಿಧಾನ’ ಎಂದು ಬರುತ್ತದೆ. ಅದು ಭೂಮಿಯೊಳಗಿನ ನಿಧಿ. ಪಾಠ ಮಾಡುವಾಗ ಪ್ರತಿ ವರ್ಷವೂ ಒಬ್ಬ ಹುಡುಗನಾದರೂ ‘ನೆಲದ ಒಳಗೆ ನಿಧಾನವಾಗಿ’ ಎಂದು ಅರ್ಥ ಬರೆಯುತ್ತಿದ್ದ. ರೋಗದ ಮೂಲ ಹುಡುಕುವ ‘ನಿದಾನ’ ಬೇರೆ, ಅಲ್ಲಿ ಅಲ್ಪಪ್ರಾಣ.

‘ಸಾವಕಾಶ’ ಎಂದರೆ ಅವಕಾಶ ಸಹಿತ, ನಡುವೆ ಜಾಗ ಬಿಟ್ಟು. ‘ಸಾವಧಾನ’ ಎಂದರೆ ಗಮನ ಸಹಿತ; ಮದುವೆಯಲ್ಲಿ ಅಂತರಪಟದ ಮುಂದೆ ‘ಶುಭಮಂಗಲ ಸಾವಧಾನ’ ಎನ್ನುವಾಗ ವಧೂವರರಿಗೆ ಹೇಳುವುದು ಎಚ್ಚರವಾಗಿರಿ ಎಂದು. ಬಳಕೆಯಲ್ಲಿ ಎರಡೂ ನಿಧಾನದ ಮನೆಗೇ ಬಂದು ಸೇರಿವೆ. ಇಂಗ್ಲಿಷಿನ ಪದದ ಪೂರ್ವಜನ್ಮ ಇಷ್ಟು ಚೆನ್ನಾಗಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಜಡ, ದಡ್ಡ ಎಂಬ ಅರ್ಥವಿತ್ತು. ಸೋಮಾರಿತನಕ್ಕೆ ಅವರು ಬಳಸುವ ‘ಸ್ಲಾತ್’ ಅದೇ ಬೇರಿನಿಂದ ಬಂದದ್ದು. ಅವರಿಗೆ ನಿಧಾನ ಒಂದು ದೋಷವಾಗಿತ್ತು. ನಾವು ನಿಧಾನವೇ ಪ್ರಧಾನ ಎಂದೆವು. ಎರಡೂ ಕಡೆ ರೈಲು ತಡವಾಗಿಯೇ ಬರುತ್ತದೆ, ಅದು ಬೇರೆ ಮಾತು.

ಹೊಲ–ಮನೆ, ಆಳಂದ

ಅಣ್ಣಾ, ಆ್ಯಪ್‌ನಲ್ಲಿ ‘ಬೆಳವಣಿಗೆ ಸ್ಲೋ’ ಎಂಬ ಸಾಲು ತೊಗರಿಗೆ ಸಂಬಂಧಿಸಿದ್ದೇ? ಹಾಗಿದ್ದರೆ ಪದದ ಗೊಡವೆ ಬಿಟ್ಟು ಆ ಸೂಚನೆ ಯಾವಾಗ ಬರುತ್ತದೆ ಎಂದು ಮೊದಲು ಕೇಳಿ.

ಮುಂಗಾರು ಹಿಡಿದ ಮೇಲೆ ಜೂನ್–ಜುಲೈನಲ್ಲಿ ಬಿತ್ತುತ್ತೇವೆ. ಮೊದಲ ಒಂದೂವರೆ ತಿಂಗಳು ತೊಗರಿ ಬೆಳೆಯುತ್ತಿದೆಯೋ ಇಲ್ಲವೋ ಎಂಬಂತೆ ನಿಂತಿರುತ್ತದೆ. ಪಕ್ಕದ ಸಾಲಿನ ಹೆಸರುಕಾಳಿನ ಗಿಡ ಎಲೆ ಹರಡಿ ನೆಲ ಮುಚ್ಚಿದರೂ ಇದು ಒಂಟಿ ಕಾಂಡದಲ್ಲಿ ಮೂರು ಮೂರು ಎಲೆ ಹಿಡಿದುಕೊಂಡು ಸುಮ್ಮನಿರುತ್ತದೆ. ಅದು ರೋಗವಲ್ಲ, ಅದರ ಸ್ವಭಾವ. ಆಗ ಅದು ಬೇರು ಇಳಿಸುವ ಕೆಲಸದಲ್ಲಿರುತ್ತದೆ. ಈ ನಿಧಾನವನ್ನು ನಂಬಿಯೇ ನಮ್ಮ ಹಿರಿಯರು ನಡುವೆ ಹೆಸರು, ಉದ್ದು ಹಾಕುವುದನ್ನು ರೂಢಿ ಮಾಡಿದರು. ಹೆಸರು ಎರಡು–ಎರಡೂವರೆ ತಿಂಗಳಲ್ಲಿ ಮನೆಗೆ ಬರುತ್ತದೆ, ಜಾಗ ಖಾಲಿಯಾಗುತ್ತದೆ, ಆಮೇಲೆ ತೊಗರಿ ಟೊಂಗೆ ಹೊಡೆಯುತ್ತದೆ. ಕುಡಿ ಚಿವುಟುವವರು ಸುಮಾರು 50 ದಿನಕ್ಕೆ ಚಿವುಟುತ್ತಾರೆ. ರಾಶಿ ಡಿಸೆಂಬರ್–ಜನವರಿಗೆ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ನಮ್ಮ ಗುಲ್ಬರ್ಗಾ ತೊಗರಿ ಬೇಳೆಯ ಕಥೆ ಆರಂಭವಾಗುವುದೇ ಹೀಗೆ ಸುಮ್ಮನೆ ನಿಲ್ಲುವುದರಿಂದ.

ಈಗ 30ನೇ ದಿನಕ್ಕೆ ನಿಮ್ಮ ಆ್ಯಪ್ ಕೆಂಪು ಬಣ್ಣದಲ್ಲಿ ‘ಬೆಳವಣಿಗೆ ನಿಧಾನವಾಗಿದೆ’ ಎಂದು ತೋರಿಸಿದರೆ ರೈತ ನೇರವಾಗಿ ಔಷಧಿ ಅಂಗಡಿಗೆ ಹೋಗಿ ಯಾವುದೋ ಟಾನಿಕ್ ತಂದು ಹೊಡೆಯುತ್ತಾನೆ. ಅದೇ ಹೂವಾಡುವ ಹೊತ್ತಿನಲ್ಲಿ ಗಿಡ ಬಾಡಿ ನಿಂತರೆ ಅದು ನೆಟೆ ರೋಗ. ಅಲ್ಲಿ ನಿಧಾನ ಎಂದು ಬರೆದರೆ ಮನೆ ಹಾಳು. ಮೊದಲನೆಯದಕ್ಕೆ ‘ಈ ಹಂತದಲ್ಲಿ ಹೀಗೆಯೇ ಇರುತ್ತದೆ’ ಎಂದು ಬರೆಯಿರಿ, ಎರಡನೆಯದಕ್ಕೆ ‘ಗಿಡ ಸೊರಗುತ್ತಿದೆ’ ಎಂದು ಬರೆಯಿರಿ. ನಡುವೆ ಸ್ಲೋ ಬೇಡ.

ಗೊಬ್ಬರದ ಸಾಲಿಗೆ ಬರುತ್ತೇನೆ. 2015ರಿಂದ ದೇಶದಲ್ಲಿ ರೈತರಿಗೆ ಸಿಗುವ ಯೂರಿಯಾ ಬಹುತೇಕ ಬೇವು ಲೇಪಿತ. ಸಾರಜನಕ ಒಮ್ಮೆಲೇ ಕಳೆದುಹೋಗದೆ ಬೆಳೆಗೆ ಹೆಚ್ಚು ದಿನ ಸಿಗಲಿ ಎಂಬುದು ಅದರ ಉದ್ದೇಶ. ನಮ್ಮೂರಲ್ಲಿ ‘ತಡೆದು ಕೊಡುವ ಗೊಬ್ಬರ’ ಎಂದರೆ ತಿಳಿಯುತ್ತದೆ. ‘ನಿಧಾನ ಬಿಡುಗಡೆ ಗೊಬ್ಬರ’ ಎಂದರೆ ಸರಕಾರ ಗೊಬ್ಬರದ ಲಾರಿಯನ್ನು ತಡವಾಗಿ ಬಿಡುತ್ತದೆ ಎಂದುಕೊಳ್ಳುತ್ತಾರೆ. ಹಾಗೆಂದುಕೊಳ್ಳಲು ಕಾರಣವೂ ಇದೆ.

ಅನುವಾದಕ, ಕಲಬುರಗಿ

‘ತಡೆದು ಕೊಡುವ’ ಎಂಬುದನ್ನು ಹಾಗೆಯೇ ಎತ್ತಿಕೊಂಡೆ ಅಣ್ಣ. ಸೂಚನೆ ಯಾವ ದಿನಕ್ಕೆ ಬರುತ್ತದೆ ಎಂದು ಕೇಳಿ ಪತ್ರ ಬರೆದಿದ್ದೇನೆ.

ಗಡಿಯಾರ ರಿಪೇರಿ, ಬೀದರ್

ನಮ್ಮ ಅಂಗಡಿ ಹಳೇ ಊರಿನಲ್ಲಿ, ಚೌಬಾರಾ ಗೋಪುರದಿಂದ ದೂರವಿಲ್ಲ. ಬರುವ ಗಿರಾಕಿ ‘ಗಡಿಯಾರ ಸ್ಲೋ ಆಗಿದೆ’ ಎಂದು ಕೌಂಟರಿನ ಮೇಲಿಡುತ್ತಾನೆ. ಅದರಲ್ಲಿ ಎರಡು ಬೇರೆ ಬೇರೆ ದೂರುಗಳಿವೆ. ಒಂದು, ಗಡಿಯಾರ ಹತ್ತು ನಿಮಿಷ ಹಿಂದಿದೆ, ಆದರೆ ಓಟ ಸರಿಯಿದೆ. ಇನ್ನೊಂದು, ದಿನ ದಿನವೂ ಹಿಂದೆ ಬೀಳುತ್ತಿದೆ. ಮೊದಲನೆಯದಕ್ಕೆ ಮುಳ್ಳು ತಿರುಗಿಸಿದರೆ ಮುಗಿಯಿತು, ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಎರಡನೆಯದಕ್ಕೆ ಬಿಚ್ಚಬೇಕು. ‘ಹಿಂದಿದೆಯೋ, ಹಿಂದೆ ಬೀಳುತ್ತಿದೆಯೋ?’ ಎಂದು ಕನ್ನಡದಲ್ಲಿ ಕೇಳಿದರೆ ತಕ್ಷಣ ಸರಿಯಾದ ಉತ್ತರ ಬರುತ್ತದೆ. ಸ್ಲೋ ಎಂಬ ಪದದಲ್ಲಿ ಈ ಎರಡೂ ಕಲಸಿಹೋಗಿವೆ.

ಲೋಲಕದ ಹಳೆಯ ಗೋಡೆ ಗಡಿಯಾರಗಳು ಬೇಸಿಗೆಯಲ್ಲಿ ನಿಜವಾಗಿಯೂ ಹಿಂದೆ ಬೀಳುತ್ತವೆ. ಕಾವಿಗೆ ಉಕ್ಕಿನ ಕಡ್ಡಿ ಹಿಗ್ಗುತ್ತದೆ, ಕಡ್ಡಿ ಉದ್ದವಾದರೆ ತೂಗಾಟಕ್ಕೆ ಹೆಚ್ಚು ಹೊತ್ತು ಬೇಕು. ಉಷ್ಣತೆ 20 ಡಿಗ್ರಿ ಏರಿದರೆ ದಿನಕ್ಕೆ ಸುಮಾರು 10 ಸೆಕೆಂಡು ಹೋಗುತ್ತದೆ. ಗುಂಡಿನ ಕೆಳಗಿನ ತಿರುಪನ್ನು ಸ್ವಲ್ಪ ಬಿಗಿದು ಗುಂಡನ್ನು ಮೇಲೆತ್ತಿದರೆ ಸರಿಹೋಗುತ್ತದೆ. ಮಳೆಗಾಲದಲ್ಲಿ ಮತ್ತೆ ಸಡಿಲಿಸಬೇಕು. ಸೆಲ್ ಹಾಕುವ ಗಡಿಯಾರದಲ್ಲಿ ಈ ರಗಳೆ ಇಲ್ಲ. ಅದರ ಹರಳು ಸೆಕೆಂಡಿಗೆ 32,768 ಸಲ ಮಿಡಿಯುತ್ತದೆ. ಸೆಲ್ ಮುಗಿಯುತ್ತ ಬಂದಾಗ ಸೆಕೆಂಡಿನ ಮುಳ್ಳು ಮೇಲೇರಲಾರದೆ ಇದ್ದಲ್ಲೇ ಎಗರುತ್ತಿರುತ್ತದೆ. ಅದನ್ನೂ ಜನ ಸ್ಲೋ ಎನ್ನುತ್ತಾರೆ. ಅದು ನಿಂತ ಗಡಿಯಾರ.

ಶಾಲಾ ಶಿಕ್ಷಕಿ, ಸೇಡಂ

ಮಾಸ್ತರರ ‘ಜಡ, ದಡ್ಡ’ ಎಂಬ ಮಾತನ್ನು ಓದಿ ಬರೆಯಬೇಕೆನಿಸಿತು. ಆ ಹಳೆಯ ಅರ್ಥ ಸತ್ತಿಲ್ಲ, ನಮ್ಮ ಶಾಲೆಗಳಲ್ಲಿ ಗಟ್ಟಿಯಾಗಿ ಬದುಕಿದೆ. ‘ನಿಮ್ಮ ಹುಡುಗ ಸ್ವಲ್ಪ ಸ್ಲೋ’ ಎಂದು ಪಾಲಕರ ಸಭೆಯಲ್ಲಿ ಒಂದು ಮಾತು ಬಿದ್ದರೆ ಆ ತಾಯಿ ಮನೆಗೆ ಒಯ್ಯುವುದು ‘ದಡ್ಡ’ ಎಂಬ ಪದವನ್ನೇ. ಮೊದಲು ಮಂದಮತಿ ಎನ್ನುತ್ತಿದ್ದರು. ಈಗ ಇಂಗ್ಲಿಷಿನಲ್ಲಿ ಹೇಳಿದರೆ ನೋವಾಗುವುದಿಲ್ಲ ಎಂದು ನಾವೇ ಭಾವಿಸಿಕೊಂಡಿದ್ದೇವೆ.

ನನ್ನ ತರಗತಿಯ ಒಬ್ಬ ಹುಡುಗಿಯ ಮನೆಮಾತು ಲಂಬಾಣಿ, ತಾಂಡಾದಿಂದ ಬರುತ್ತಾಳೆ. ಗಣಿತದ ಲೆಕ್ಕವನ್ನು ಕನ್ನಡದಲ್ಲಿ ಓದಿ, ತುಟಿ ಅಲ್ಲಾಡಿಸುತ್ತ ತನ್ನ ಭಾಷೆಗೆ ತಂದುಕೊಂಡು, ಬಿಡಿಸಿ, ಮತ್ತೆ ಕನ್ನಡದಲ್ಲಿ ಉತ್ತರ ಬರೆಯುತ್ತಾಳೆ. ಹೊತ್ತು ಹಿಡಿಯುತ್ತದೆ, ಉತ್ತರ ತಪ್ಪುವುದು ಅಪರೂಪ. ಸುಗ್ಗಿಯ ತಿಂಗಳುಗಳಲ್ಲಿ ಪೋಷಕರೊಂದಿಗೆ ಕಬ್ಬು ಕಡಿಯುವ ಕಡೆ ಹೋಗಿ ಪಾಠ ತಪ್ಪಿಸಿಕೊಂಡ ಮಕ್ಕಳು ಬೇರೆ. ಇವರೆಲ್ಲರಿಗೂ ಒಂದೇ ಚೀಟಿ ಅಂಟಿಸಿ ಪರಿಹಾರ ಬೋಧನೆಯ ಪಟ್ಟಿಯಲ್ಲಿ ಕೂಡಿಸುತ್ತೇವೆ. ಹತ್ತನೇ ತರಗತಿಯ ಫಲಿತಾಂಶದ ದಿನ ನಮ್ಮ ಜಿಲ್ಲೆಗಳು ಪಟ್ಟಿಯ ಕೆಳಗೆ ಕಾಣಿಸಿಕೊಂಡಾಗ ಅದೇ ಚೀಟಿಯನ್ನು ಉಳಿದ ರಾಜ್ಯ ನಮಗೆ ಅಂಟಿಸುತ್ತದೆ. ಅನುವಾದಕರೇ, ನಿಮ್ಮ ಹಾಳೆಯಲ್ಲಿ ಕಲಿಯುವವರ ಬಗ್ಗೆ ಈ ಪದ ಬಂದರೆ ‘ಹೆಚ್ಚು ಸಮಯ ಬೇಕಾದವರು’ ಎಂದು ಬರೆಯಿರಿ. ಉದ್ದವಾದರೆ ಆಗಲಿ.

ಜೇವರ್ಗಿ ಕಡೆಯವ

ಅಕ್ಕ, ನನ್ನನ್ನೂ ಶಾಲೆಯಲ್ಲಿ ಸ್ಲೋ ಎನ್ನುತ್ತಿದ್ದರು. ಈಗ ಊರಿನಲ್ಲಿ ಹಾರ್ವೆಸ್ಟರ್ ನಡೆಸುತ್ತೇನೆ. ಹೇಳಿದವರ ಹೊಲವೂ ಸರದಿಯಲ್ಲಿದೆ, ಸಾವಕಾಶವಾಗಿ ಹೋಗುತ್ತೇನೆ.

ರೈಲ್ವೆ ನಿವೃತ್ತ, ಶಹಾಬಾದ್

ಮಾಸ್ತರರು ರೈಲಿನ ಮೇಲೆ ಕಲ್ಲೆಸೆದದ್ದರಿಂದ ಉತ್ತರಿಸುತ್ತಿದ್ದೇನೆ. ನಮ್ಮಲ್ಲಿ ನಿಧಾನ, ತಡ, ನಿಲುಗಡೆ ಮೂರೂ ಬೇರೆ. ಮುಂಬೈಗೆ ದುಡಿಯಲು ಹೋದ ನಮ್ಮವರಿಗೆ ಸ್ಲೋ ಲೋಕಲ್ ಗೊತ್ತು. ಎರಡು ನಿಲ್ದಾಣಗಳ ನಡುವೆ ಅದೂ ಜೋರಾಗಿಯೇ ಓಡುತ್ತದೆ, ಆದರೆ ಎಲ್ಲ ಕಡೆ ನಿಲ್ಲುತ್ತದೆ. ನಮ್ಮ ಕಡೆ ಅಂಥ ಗಾಡಿಗೆ ಪ್ಯಾಸೆಂಜರ್ ಎಂದರೆ ಸಾಕು.

ನಿಜವಾದ ನಿಧಾನ ಎಂದರೆ ಹಳಿಯ ಮೇಲೆ ಕೆಲಸ ನಡೆದಾಗ ಕೊಡುವ ಕಾಷನ್, ಅಂದರೆ ವೇಗ ತಗ್ಗಿಸುವ ಆದೇಶ. ಮೊದಲು ಎಚ್ಚರಿಕೆಯ ಫಲಕ, ಆಮೇಲೆ ವೇಗದ ಅಂಕಿ ಬರೆದ ಫಲಕ, ಕೆಲಸದ ಜಾಗ ದಾಟಿದ ಮೇಲೆ ಹಳದಿ ಹಲಗೆಯಲ್ಲಿ ಟಿ–ಪಿ ಮತ್ತು ಟಿ–ಜಿ ಎಂಬ ಎರಡು ಗುರುತು. ಪಿ ಪ್ರಯಾಣಿಕರ ಗಾಡಿಗೆ, ಜಿ ಸರಕು ಗಾಡಿಗೆ. ಎಂಜಿನ್ ದಾಟಿದ ಕೂಡಲೇ ವೇಗ ಏರಿಸುವಂತಿಲ್ಲ, ಕೊನೆಯ ಡಬ್ಬಿಯೂ ದಾಟಬೇಕು. ಸರಕು ಗಾಡಿ ಹೆಚ್ಚು ಉದ್ದವಾದ್ದರಿಂದ ಅದರ ಹಲಗೆ ಇನ್ನೂ ದೂರದಲ್ಲಿರುತ್ತದೆ. ವಾಡಿಯ ಕಡೆ ಹೋಗುವ ಪ್ರಯಾಣಿಕರ ಗಾಡಿಯಲ್ಲಿ ಕಿಟಕಿಯ ಬಳಿ ಕುಳಿತವರು ‘ಜಾಗ ದಾಟಿತಲ್ಲ, ಇನ್ನೂ ಏಕೆ ಎಳೆಯುತ್ತಿದ್ದಾನೆ’ ಎಂದು ಡ್ರೈವರನನ್ನು ಬೈಯುವುದನ್ನು ಬಹಳ ಕೇಳಿದ್ದೇನೆ.

ಬೀದರ್–ಕಲಬುರಗಿ ಮಾರ್ಗ ಮಂಜೂರಾದದ್ದು 1990ರ ದಶಕದಲ್ಲಿ, ಪೂರ್ತಿ ತೆರೆದದ್ದು 2017ರ ಅಕ್ಟೋಬರಿನಲ್ಲಿ. ಅದಕ್ಕೆ ನಿಧಾನ ಎಂಬ ಪದ ಬಳಸಿ ಆ ಪದದ ಮಾನ ತೆಗೆಯಬೇಡಿ. ‘ಆಮೆಗತಿಯ ಕಾಮಗಾರಿ’ ಎಂದು ಪತ್ರಿಕೆಗಳು ಬರೆಯುತ್ತವೆ. ಆಮೆ ಕನಿಷ್ಠಪಕ್ಷ ನಡೆಯುತ್ತಲೇ ಇರುತ್ತದೆ. ‘ನನೆಗುದಿಗೆ ಬಿದ್ದಿತ್ತು’ ಎನ್ನುವುದೇ ಸರಿ.

ಶುಶ್ರೂಷಕಿ, ಯಾದಗಿರಿ

ನಮ್ಮ ವಾರ್ಡಿನಲ್ಲಿ ದಿನವೂ ಈ ಪದದ ಜೊತೆ ಗುದ್ದಾಟ. ಸಲೈನ್ ಸ್ಲೋ ಮಾಡಿ ಎಂದರೆ ನಿಮಿಷಕ್ಕೆ ಇಷ್ಟು ಹನಿ ಎಂದು ಲೆಕ್ಕ ಹಾಕಿ ಕೊಳವೆಯ ಮೇಲಿನ ಪುಟ್ಟ ಗಾಲಿ ತಿರುಗಿಸುವುದು. ರೋಗಿಯ ಮನೆಯವರು ‘ಸಿಸ್ಟರ್, ಬಾಟಲಿ ಸ್ಲೋ ಇದೆ, ಜೋರು ಬಿಡಿ’ ಎನ್ನುತ್ತಾರೆ. ನಾವು ಅತ್ತ ಹೋದಾಗ ತಾವೇ ಗಾಲಿ ತಿರುಗಿಸಿ ಜೋರು ಬಿಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೃದಯ, ಕಿಡ್ನಿ ಕೆಟ್ಟವರಿಗೆ ನೀರು ಒಮ್ಮೆಲೇ ಹೋದರೆ ಉಸಿರಿಗೆ ಕುತ್ತು.

ನಾಡಿಯದು ಇನ್ನೊಂದು ಕಥೆ. ನಿಮಿಷಕ್ಕೆ 60ಕ್ಕಿಂತ ಕಡಿಮೆಯಾದರೆ ಮಂದನಾಡಿ ಎನ್ನುತ್ತೇವೆ. ಆದರೆ ಚೆನ್ನಾಗಿ ಪಳಗಿದ ಓಟಗಾರನ ನಾಡಿ ವಿಶ್ರಾಂತಿಯಲ್ಲಿ 40ರ ಹತ್ತಿರವೂ ಇರಬಹುದು, ಅದು ಗಟ್ಟಿ ಹೃದಯದ ಲಕ್ಷಣ. ತಲೆ ಸುತ್ತಿ ಬಿದ್ದ ಮುದುಕರಲ್ಲಿ ಅದೇ ಅಂಕಿ ಕಂಡರೆ ಓಡಬೇಕು.

ನಿವೃತ್ತ ಕನ್ನಡ ಮಾಸ್ತರ್, ಬಸವಕಲ್ಯಾಣ

ತಾಯಿ, ಮಂದ ಎಂಬ ಪದ ಎತ್ತಿದಿರಿ, ಅದರ ಸಂಸಾರ ದೊಡ್ಡದು. ಮಂದಹಾಸ ಹೊಗಳಿಕೆ, ಮಂದಮತಿ ಬೈಗುಳ. ಹೊಟ್ಟೆ ಮಂದವಾದರೆ ಅಜೀರ್ಣ, ಬಟ್ಟೆ ಮಂದವಾದರೆ ದಪ್ಪ. ಚರಿತ್ರೆಯ ಪಾಠದಲ್ಲಿ ಕಾಂಗ್ರೆಸ್ಸಿನ 1907ರ ಸೂರತ್ ಒಡಕಿನ ಮೊದಲ ಬಣವನ್ನು ಇಂಗ್ಲಿಷಿನಲ್ಲಿ ಹೇಳುವಾಗ ‘ಮಿತವಾದಿಗಳು’ ಎಂಬ ಅರ್ಥ ಬರುವ ಪದವಿದೆ, ಅಲ್ಲಿ ವೇಗದ ಮಾತೇ ಇಲ್ಲ. ಕನ್ನಡ ಪಠ್ಯಗಳಲ್ಲಿ ಅವರು ‘ಮಂದಗಾಮಿಗಳು’ ಆದರು, ಎದುರಿನವರು ‘ತೀವ್ರಗಾಮಿಗಳು’ ಆದರು. ಗೋಖಲೆಯವರು ಮೆಲ್ಲಗೆ ನಡೆಯುತ್ತಿದ್ದರು ಎಂದೇ ನಮ್ಮ ಮಕ್ಕಳು ಬಹಳ ದಿನ ನಂಬಿದ್ದರು.

‘ಮಂದ’ ಎಂಬುದು ಶನಿಯ ಹೆಸರೂ ಹೌದು. ಶನೈಶ್ಚರ ಎಂದರೆ ಮೆಲ್ಲಗೆ ಚಲಿಸುವವನು. ಬರಿಗಣ್ಣಿಗೆ ಕಾಣುವುದೆಂದು ಹಿಂದಿನವರು ಬಲ್ಲ ಗ್ರಹಗಳಲ್ಲಿ ಅತಿ ನಿಧಾನದ್ದು ಅದೇ. ಒಂದು ಸುತ್ತಿಗೆ ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ. ಹನ್ನೆರಡು ರಾಶಿಗೆ ಹಂಚಿದರೆ ಒಂದೊಂದಕ್ಕೆ ಎರಡೂವರೆ ವರ್ಷ, ಮೂರು ರಾಶಿಗೆ ಏಳೂವರೆ. ಸಾಡೇಸಾತಿಯ ಲೆಕ್ಕ ಇಷ್ಟೇ. ಶನಿ ಮಾಡಿದ ತಪ್ಪೆಂದರೆ ದೂರದ ದಾರಿ ಹಿಡಿದದ್ದು.

ಮದುವೆ ವಿಡಿಯೊ, ಕಲಬುರಗಿ

ನಮ್ಮ ಕಸುಬಿನಲ್ಲಿ ಸ್ಲೋ ಬೇಕೆಂದರೆ ಕ್ಯಾಮೆರಾ ಜೋರಾಗಿ ಓಡಬೇಕು. ಸೆಕೆಂಡಿಗೆ 100 ಚಿತ್ರ ಹಿಡಿದು 25ರಂತೆ ತೋರಿಸಿದರೆ ನಾಲ್ಕು ಪಟ್ಟು ನಿಧಾನ. ಅಕ್ಷತೆ ಬೀಳುವ ಹೊತ್ತಿಗೆ ಇದನ್ನು ಹಾಕುತ್ತೇವೆ. ಒಂದೊಂದು ಕಾಳೂ ತಿರುಗುತ್ತ ಇಳಿದು ಮದುಮಗನ ರುಮಾಲಿಗೆ ತಾಗಿ ಸಿಡಿಯುವುದು ಕಾಣುತ್ತದೆ, ಹಿಂದಿನ ಸಾಲಿನವರು ಗುರಿಯಿಟ್ಟು ಹೊಡೆದದ್ದೂ ಕಾಣುತ್ತದೆ. ಬೆಳಕು ಮಾತ್ರ ಹೆಚ್ಚು ಬೇಕು. ಕಲ್ಯಾಣಮಂಟಪದ ಲೈಟು ‘ಸ್ಲೋ’ ಇದ್ದರೆ ಸ್ಲೋ ಮೋಷನ್ ಆಗುವುದಿಲ್ಲ!

ಹಾಡುಗಾರಿಕೆ ಕಲಿಯುವವಳು, ಹುಮನಾಬಾದ್

ಸಂಗೀತದ ನಿಧಾನ ಲಯವಾದ ‘ವಿಲಂಬಿತ’ವನ್ನು ಯಾರೂ ಹೇಳಲಿಲ್ಲ. ಕಚೇರಿಯಲ್ಲಿ ಕಡತ ವಿಳಂಬವಾದರೆ ಜನ ಬೈಯುತ್ತಾರೆ, ರಾಗ ವಿಲಂಬಿತವಾದರೆ ತಲೆದೂಗುತ್ತಾರೆ. ಬಡಾ ಖ್ಯಾಲ್ ಹಾಡುವಾಗ ಏಕತಾಲದ ಹನ್ನೆರಡು ಮಾತ್ರೆಗಳು ಎಷ್ಟು ದೂರ ದೂರ ಬೀಳುತ್ತವೆ ಎಂದರೆ ಕಲಿಯುವವರಿಗೆ ಎಣಿಕೆಯೇ ತಪ್ಪುತ್ತದೆ. ವೇಗದ ಲಯವಾದ ದ್ರುತದಲ್ಲಿ ಸ್ವರ ಸ್ವಲ್ಪ ಜಾರಿದರೂ ಕೇಳುಗರ ಕಿವಿಗೆ ಬೀಳದೆ ಹೋಗಬಹುದು. ವಿಲಂಬಿತದಲ್ಲಿ ಅಡಗಲು ಜಾಗವಿಲ್ಲ. ನಮ್ಮ ಗುರುಗಳು ‘ಸಾವಕಾಶ’ ಎಂದರೆ ನನಗೆ ಬೆವರು.

ಮನೆಯಡುಗೆ, ಬೀದರ್

ಎಳ್ಳ ಅಮಾವಾಸ್ಯೆಯ ಭಜ್ಜಿಯನ್ನು ಮರೆತರೆ ಹೇಗೆ? ಎಳೆ ಕಡಲೆ, ಅವರೆ, ತೊಗರಿ ಕಾಳು, ಸಿಕ್ಕ ಸೊಪ್ಪು ಎಲ್ಲ ಹಾಕಿ ಸಣ್ಣ ಉರಿಯಲ್ಲಿ ಬಿಡಬೇಕು. ನಾವು ಇದಕ್ಕೆ ಸ್ಲೋ ಎನ್ನುವುದೇ ಇಲ್ಲ, ‘ಕುದಿಯಲಿ ಬಿಡು’ ಎನ್ನುತ್ತೇವೆ. ಇಟಲಿಯಲ್ಲಿ 1986ರಲ್ಲಿ ರೋಮ್ ನಗರದ ನಡುವೆ ಬರ್ಗರ್ ಅಂಗಡಿ ಬಂದಾಗ ಎದ್ದ ಪ್ರತಿಭಟನೆಯಿಂದ ‘ಸ್ಲೋ ಫುಡ್’ ಎಂಬ ಚಳವಳಿಯೇ ಬೆಳೆಯಿತು, ಅದರ ಗುರುತು ಬಸವನಹುಳು. ಅವರಿಗೆ ಚಳವಳಿ ಬೇಕಾಯಿತು. ನಮಗೆ ಗ್ಯಾಸ್ ಸಿಲಿಂಡರಿನ ಬೆಲೆ ಅಡ್ಡ ಬರುತ್ತಿದೆ.

ಅನುವಾದಕ, ಕಲಬುರಗಿ

ಎಲ್ಲರಿಗೂ ಶರಣು. ನೆಟ್‌ವರ್ಕಿಗೆ ‘ಸಿಗ್ನಲ್ ದುರ್ಬಲವಾಗಿದೆ’, ಚಾರ್ಜಿಂಗಿಗೆ ‘ಹೆಚ್ಚು ಸಮಯ ಹಿಡಿಯುತ್ತದೆ’ ಎಂದು ಹಾಕಿದ್ದೇನೆ. ತೊಗರಿಯ ಸೂಚನೆ 35ನೇ ದಿನಕ್ಕೆ ಬರುವಂತೆ ಇಟ್ಟಿದ್ದರಂತೆ; ಆಳಂದದ ಅಣ್ಣನ ಮಾತನ್ನು ಅವರಿಗೆ ಕಳುಹಿಸಿದ್ದೇನೆ, ಬೆಳೆ ಪ್ರಕಾರ ಬದಲಿಸುತ್ತಾರೆ. ಈಗ ಉಳಿದಿರುವುದು ಆ ಮಾರಾಟವಾಗದ ದಾಸ್ತಾನು.

ಬೇಳೆ ವ್ಯಾಪಾರ, ಕಲಬುರಗಿ

ನಮ್ಮ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಮಾಲು ಎತ್ತುವವರಿಲ್ಲದಿದ್ದರೆ ‘ಮಾಲಿಗೆ ಉಠಾವ್ ಇಲ್ಲ’ ಎನ್ನುತ್ತಾರೆ. ದರವೂ ಬಿದ್ದಿದ್ದರೆ ‘ಬಜಾರ್ ಠಂಡಾ’. ದರ ನಿಂತಿದ್ದು ಕೊಳ್ಳುವವರಿಲ್ಲದಿದ್ದರೆ ‘ಮಾಲು ಕುಳಿತಿದೆ’. ನಿಮ್ಮ ಆ್ಯಪ್‌ಗೆ ಮೂರನೆಯದು ಹೊಂದುತ್ತದೆ. ಕುಳಿತ ಮಾಲಿಗೆ ಹುಳು ಬೀಳುತ್ತದೆ, ಅದಕ್ಕೂ ಒಂದು ಸೂಚನೆ ಸೇರಿಸಲು ಹೇಳಿ: ಚೀಲಗಳನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಜೋಡಿಸಿಡಬೇಕು.